ಕೊರಳಿಗೆ ಮಣಿ ಕೊಟ್ಟೆವು, ಕಿವಿಗೆ ಮಾತು ಕೊಡಲಿಲ್ಲ

(ತಾಲ್ಲೂಕು ಕೇಂದ್ರವೊಂದರ ಪದವಿಪೂರ್ವ ಕಾಲೇಜಿನಲ್ಲಿ ಈಚೆಗೆ ನಡೆದ ಪಾಲಕರ ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ನಮ್ಮ ವರದಿಗಾರ್ತಿ ಮಾಡಿದ ಭಾಷಣದ ಪಠ್ಯ.)



ನಾನು ವೈದ್ಯಳಲ್ಲ. ಪತ್ರಿಕೆಗೆ ಆಸ್ಪತ್ರೆ, ಅಂಗನವಾಡಿ, ಆರೋಗ್ಯ ಇಲಾಖೆಯ ಸುದ್ದಿ ಬರೆಯುವವಳು. ಆದ್ದರಿಂದ ಔಷಧದ ಚೀಟಿ ಬರೆದುಕೊಡುವ ಬದಲು ಒಂದು ಹಳೆಯ ಕತೆಯಿಂದ ಶುರು ಮಾಡುತ್ತೇನೆ. ಕತೆ ರಾಮನಗರದ್ದು.

ರಾಮನಗರ ಎಂದೊಡನೆ ರೇಷ್ಮೆಗೂಡಿನ ಮಾರುಕಟ್ಟೆ ನೆನಪಾಗುತ್ತದೆ, ಸಿನಿಮಾ ಪ್ರಿಯರಿಗೆ ಶೋಲೆಯ ಬಂಡೆಗಳು ನೆನಪಾಗುತ್ತವೆ. ಆದರೆ ಶೋಲೆಗೆ 20 ವರ್ಷ ಮೊದಲೇ ಈ ಊರಿನ ಹೆಸರು ಜಿನೀವಾದ ಕಡತಗಳಲ್ಲಿ ಸೇರಿತ್ತು. 1952ರಲ್ಲಿ ಭಾರತ ದೇಶಾದ್ಯಂತ ಕುಟುಂಬ ಯೋಜನೆ ಕಾರ್ಯಕ್ರಮ ಕೈಗೊಂಡಿತು. ಸರಕಾರವೊಂದು ಇಡೀ ದೇಶಕ್ಕೆ ಇಂಥ ಕಾರ್ಯಕ್ರಮ ಹಾಕಿಕೊಂಡಿದ್ದು ಅದೇ ಮೊದಲು. ಮೊದಲ ಪಂಚವಾರ್ಷಿಕ ಯೋಜನೆಯಲ್ಲಿ ಅದಕ್ಕೆ ಇಟ್ಟ ಹಣ 65 ಲಕ್ಷ ರೂಪಾಯಿ. ಆಗ ಆರೋಗ್ಯ ಸಚಿವೆಯಾಗಿದ್ದವರು ರಾಜಕುಮಾರಿ ಅಮೃತ ಕೌರ್. ಗಾಂಧೀಜಿಯವರ ಅನುಯಾಯಿಯಾದ ಅವರಿಗೆ ರಬ್ಬರು, ಔಷಧಗಳಂಥ ಕೃತಕ ಸಾಧನಗಳು ಒಪ್ಪಿಗೆಯಾಗಿರಲಿಲ್ಲ. ಸಂಯಮದ ದಾರಿಯೊಂದೇ ಅವರಿಗೆ ಸರಿಕಂಡಿತ್ತು. ಹೀಗಾಗಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ನ್ಯೂಯಾರ್ಕಿನ ಡಾ. ಅಬ್ರಹಾಂ ಸ್ಟೋನ್ ಬಂದರು. ತಿಂಗಳಲ್ಲಿ ಗರ್ಭ ನಿಲ್ಲುವ ದಿನಗಳನ್ನು ಲೆಕ್ಕ ಹಾಕಿ ಆ ದಿನಗಳಲ್ಲಿ ಗಂಡಹೆಂಡಿರು ದೂರವಿರುವ ಕ್ರಮವನ್ನು ಎರಡು ಕಡೆ ಪರೀಕ್ಷೆಗೆ ಒಡ್ಡಿದರು. ಒಂದು ದೆಹಲಿಯ ಲೋದಿ ಕಾಲೊನಿ. ಅಲ್ಲಿದ್ದವರು ಸರಕಾರಿ ನೌಕರರು. ಇನ್ನೊಂದು ಮೈಸೂರು ರಾಜ್ಯದ ರಾಮನಗರ ಮತ್ತು ಸುತ್ತಲ ಹಳ್ಳಿಗಳು.

ಅಕ್ಷರ ಬಾರದ ಹೆಂಗಸರು ದಿನದ ಲೆಕ್ಕ ಇಡುವುದು ಹೇಗೆ? ಅದಕ್ಕೆ ಸ್ಟೋನ್ ಒಂದು ಮಣಿಸರ ಮಾಡಿಸಿದರು. ಹಸಿರು ಮಣಿಯ ದಿನ ಭಯವಿಲ್ಲ, ಕೆಂಪು ಮಣಿಯ ದಿನ ಜೋಕೆ. ದಿನಕ್ಕೊಂದು ಮಣಿ ಸರಿಸುತ್ತ ಹೋಗಬೇಕು. ಜಪಮಾಲೆ ಎಣಿಸಿ ಗೊತ್ತಿರುವ ದೇಶಕ್ಕೆ ಇದಕ್ಕಿಂತ ಸುಲಭದ ಉಪಾಯ ಉಂಟೇ ಎಂದು ಯಾರಿಗೂ ಅನ್ನಿಸಬಹುದು.

ಆಮೇಲಿನದು ಕುಟುಂಬ ಯೋಜನೆಯ ಚರಿತ್ರೆ ಬರೆದವರೆಲ್ಲ ಮತ್ತೆ ಮತ್ತೆ ಹೇಳುವ ಸಂಗತಿ. ರಾತ್ರಿ ಕತ್ತಲಲ್ಲಿ ಹಸಿರು ಯಾವುದು, ಕೆಂಪು ಯಾವುದು ತಿಳಿಯಲಿಲ್ಲವಂತೆ. ಮಣಿಗಳ ಆಕಾರವನ್ನೇ ಬೇರೆ ಬೇರೆ ಮಾಡಬೇಕಾಯಿತು. ಮಕ್ಕಳು ಸರವನ್ನು ಆಟಕ್ಕೆ ಎಳೆದು ಮಣಿ ಹಿಂದೆ ಮುಂದೆ ಮಾಡಿದವು. ಕೊರಳಲ್ಲಿ ಹಾಕಿಕೊಂಡರೆ ಓಣಿಗೆಲ್ಲ ಮನೆಯ ಗುಟ್ಟು ತಿಳಿಯುತ್ತದೆಂದು ಕೆಲವರು ಪೆಟ್ಟಿಗೆಯಲ್ಲಿಟ್ಟರು. ತಾಯಿತದ ಹಾಗೆ ಧರಿಸಿದರೆ ಸಾಕು, ಗರ್ಭ ನಿಲ್ಲುವುದಿಲ್ಲ ಎಂದುಕೊಂಡವರೂ ಇದ್ದರಂತೆ. ಎರಡು ವರ್ಷದಲ್ಲಿ ಪ್ರಯೋಗ ಮುಗಿಯಿತು. ಸಾಧಿಸಿದ್ದು ಕಡಿಮೆ.

ಸಭೆಗಳಲ್ಲಿ ಇದನ್ನು ಹಾಸ್ಯಕ್ಕೆ ಹೇಳುವುದುಂಟು. 'ನೋಡಿ, ನಮ್ಮ ಹಳ್ಳಿ ಹೆಂಗಸರು ಎಷ್ಟು ಮುಗ್ಧರು' ಎಂದು ನಗುತ್ತಾರೆ. ನನಗೆ ನಗು ಬರುವುದಿಲ್ಲ. ಮಣಿ ಇದ್ದದ್ದು ಹೆಂಡತಿಯ ಕೊರಳಲ್ಲಿ. ಕೆಂಪು ಮಣಿಯ ದಿನ ದೂರ ಇರಬೇಕಾದವನು ಗಂಡ. ಅವನು ಒಪ್ಪದಿದ್ದರೆ ಆ ಸರ ಬರೀ ಗಾಜು. ಇನ್ನೊಂದು ಮಾತು: ತನ್ನ ಮೈಯೊಳಗೆ ತಿಂಗಳು ತಿಂಗಳೂ ಏನು ನಡೆಯುತ್ತದೆ ಎಂಬುದನ್ನು ಹುಟ್ಟಿದಂದಿನಿಂದ ಯಾರ ಬಾಯಿಂದಲೂ ಕೇಳದ ಹೆಣ್ಣು ಮಣಿಯನ್ನು ತಾಯಿತವೆಂದು ತಿಳಿದರೆ ಅದರಲ್ಲಿ ತಪ್ಪೇನು? ವಸ್ತುವನ್ನು ಕೈಗಿಟ್ಟು ಮಾತನ್ನು ಬಾಯಲ್ಲೇ ಇಟ್ಟುಕೊಳ್ಳುವುದು ನಮ್ಮಲ್ಲಿ ಮೊದಲಿನಿಂದ ಬಂದ ರೂಢಿ.

ಆ ಲೆಕ್ಕವಾದರೂ ಏನು, ಅದನ್ನು ಈಗಲೇ ಹೇಳಿಬಿಡುತ್ತೇನೆ. ಹೆಣ್ಣುಮಕ್ಕಳಷ್ಟೇ ಅಲ್ಲ, ಹುಡುಗರೂ ಕೇಳಿಸಿಕೊಳ್ಳಿ. ಸ್ರಾವ ಆರಂಭವಾದ ಮೊದಲ ದಿನದಿಂದ ಮುಂದಿನ ಸ್ರಾವದ ಹಿಂದಿನ ದಿನದವರೆಗೆ ಒಂದು ಚಕ್ರ. ಅದು 28 ದಿನವೇ ಆಗಬೇಕೆಂದಿಲ್ಲ. 21ರಿಂದ 35 ದಿನದವರೆಗೆ ಇದ್ದರೂ ಸಹಜವೇ. ಹೊಸದಾಗಿ ಋತುಮತಿಯಾದ ಹುಡುಗಿಯರಲ್ಲಿ ಮೊದಲ ಎರಡು ಮೂರು ವರ್ಷ 45 ದಿನದವರೆಗೂ ಹೋಗಬಹುದು. ಅಂಡಾಶಯದಿಂದ ಅಂಡಾಣು ಹೊರಬೀಳುವುದು ಮುಂದಿನ ಮುಟ್ಟಿಗೆ ಸುಮಾರು 14 ದಿನ ಮೊದಲು. ಗಮನಿಸಿ, ಹಿಂದಿನ ಮುಟ್ಟಿನ 14 ದಿನ ಅನಂತರ ಎಂದಲ್ಲ. ಅಂಡಾಣುವಿನ ಆಯುಸ್ಸು ಹೆಚ್ಚೆಂದರೆ ಒಂದು ದಿನ. ಆದರೆ ವೀರ್ಯಾಣು ಹೆಣ್ಣಿನ ದೇಹದಲ್ಲಿ ಐದು ದಿನದವರೆಗೆ ಬದುಕಿರಬಲ್ಲದು. ಮುಂದಿನ ಮುಟ್ಟು ಯಾವಾಗ ಬರುತ್ತದೆಂದು ಗೊತ್ತಿದ್ದರೆ ತಾನೆ ಹಿಂದಕ್ಕೆ ಎಣಿಸುವುದು! ಚಕ್ರವೇ ಇನ್ನೂ ನೆಲೆಗೊಳ್ಳದ 17, 18ರ ವಯಸ್ಸಿನವರು 'ಸುರಕ್ಷಿತ ದಿನ'ವನ್ನು ನಂಬುವುದು ಕಣ್ಣು ಕಟ್ಟಿಕೊಂಡು ರಸ್ತೆ ದಾಟಿದ ಹಾಗೆ. ಮಣಿಸರ ಈಗ ಮರಳಿ ಬಂದಿದೆ. ಅಮೆರಿಕದ ಜಾರ್ಜ್‌ಟೌನ್ ವಿಶ್ವವಿದ್ಯಾಲಯದವರು 32 ಮಣಿಗಳ ಸರ ರೂಪಿಸಿದರು. ಅವರೂ ಚಕ್ರ 26ರಿಂದ 32 ದಿನದ ಒಳಗೆ ಇರುವವರಿಗೆ ಮಾತ್ರ ಇದು ಎಂದು ಸ್ಪಷ್ಟವಾಗಿ ಹೇಳುತ್ತಾರೆ.

ಮಾತಾಡದಿರುವ ರೂಢಿ ಎಂದೆನಲ್ಲ, ಅದು ಅಜ್ಞಾನದ ರೂಢಿಯಲ್ಲ. ನಮ್ಮ ನಾಡು ಈ ವಿಷಯಗಳಲ್ಲಿ ಹಿಂದೆ ಬಿದ್ದದ್ದೂ ಅಲ್ಲ. 1894ರಲ್ಲೇ ಮೈಸೂರು ಸಂಸ್ಥಾನ ಶಿಶುವಿವಾಹ ತಡೆಯುವ ಕಾಯಿದೆ ತಂದಿತು. ಎಂಟು ವರ್ಷ ತುಂಬದ ಹೆಣ್ಣುಮಗುವಿಗೆ ಮದುವೆ ಮಾಡಕೂಡದು, 50 ದಾಟಿದ ಗಂಡಸು 14 ತುಂಬದ ಹುಡುಗಿಯನ್ನು ಮದುವೆಯಾಗಕೂಡದು ಎಂದಿತು. ಎಂಟು ವರ್ಷ! ಇಂದು ಕೇಳಿದರೆ ಮೈ ಜುಮ್ಮೆನ್ನುತ್ತದೆ. ಆ ಕಾಲಕ್ಕೆ ಅದೂ ದಿಟ್ಟ ಹೆಜ್ಜೆಯೇ. ಶಾರದಾ ಕಾಯಿದೆ ಬಂದು ಇಡೀ ಬ್ರಿಟಿಷ್ ಇಂಡಿಯಾದಲ್ಲಿ ಹುಡುಗಿಗೆ 14 ಎಂದು ಗೊತ್ತಾದದ್ದು 1929ರಲ್ಲಿ. ಮರುವರ್ಷ, 1930ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, ಬೆಂಗಳೂರು ಮತ್ತು ಮೈಸೂರಿನಲ್ಲಿ ಸರಕಾರವೇ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆಯಿತು. ಸರಕಾರ ನಡೆಸಿದ ಇಂಥ ಚಿಕಿತ್ಸಾಲಯ ಲೋಕದಲ್ಲೇ ಮೊದಲನೆಯದು ಎಂದು ಹೇಳುವವರುಂಟು. ಆದರೆ ಆ ಬಾಗಿಲು ಮದುವೆಯಾಗಿ ಮಕ್ಕಳನ್ನು ಹೆತ್ತು ದಣಿದವಳಿಗೆ ತೆರೆದದ್ದು. ಅದಕ್ಕೆ ಮೊದಲು ಅವಳಿಗೆ ಯಾರು ಏನು ಹೇಳಿದ್ದರು?

ಹಳ್ಳಿಗಳಲ್ಲಿ ಹುಡುಗಿ ದೊಡ್ಡವಳಾದಾಗ ನಡೆಯುವ ಒಸಗೆಯನ್ನೇ ನೋಡಿ. ಸೋದರಮಾವ ಹಸಿರು ಸೊಪ್ಪು ತಂದು ಗುಡ್ಲು ಹಾಕುತ್ತಾನೆ. ಎಳ್ಳು ಬೆಲ್ಲ ಕುಟ್ಟಿ ಚಿಗಳಿ ಮಾಡುತ್ತಾರೆ, ಕೊಬ್ಬರಿ ತಿನ್ನಿಸುತ್ತಾರೆ, ಆರತಿ ಎತ್ತಿ ಸೋಬಾನೆ ಹಾಡುತ್ತಾರೆ. ಇದರಲ್ಲಿ ಅಕ್ಕರೆ ಇಲ್ಲವೆಂದು ನಾನು ಹೇಳಲಾರೆ. ಬೆಳೆಯುವ ಹುಡುಗಿಗೆ ಎಳ್ಳು ಬೆಲ್ಲ ಒಳ್ಳೆಯ ಆಹಾರವೇ. ಆದರೆ ವಿಚಿತ್ರ ನೋಡಿ: ಹುಡುಗಿ ಮೈನೆರೆದ ಸುದ್ದಿ ಊರಿಗೆಲ್ಲ ಗೊತ್ತು, ನೆಂಟರಿಗೆ ಗೊತ್ತು, ಮುಂದೆ ಹೆಣ್ಣು ಕೇಳಲು ಬರುವವರಿಗೆ ಗೊತ್ತು. ಏನಾಯಿತೆಂದು ತಿಳಿಯದೆ, ಎಲ್ಲೋ ಗಾಯವಾಗಿದೆ, ಇನ್ನು ಸಾಯುತ್ತೇನೆ ಎಂದು ಅಳುತ್ತ ಕೂತವಳು ಅವಳೊಬ್ಬಳೇ. ಪದವೂ ಹಾಗೆಯೇ ಇದೆಯಲ್ಲ. 'ಮುಟ್ಟು' ಎನ್ನುತ್ತೇವೆ, ಮುಟ್ಟಬೇಡ ಎಂಬ ಅರ್ಥದಲ್ಲಿ. ಕಾಗೆ ಮುಟ್ಟಿತು ಎನ್ನುತ್ತೇವೆ, ಹೊರಗಾದಳು ಎನ್ನುತ್ತೇವೆ. ಪೇಟೆಯಲ್ಲಿ 'ಡೇಟ್' ಎಂದು ಕಿವಿಯಲ್ಲಿ ಪಿಸುಗುಟ್ಟುತ್ತೇವೆ. 12ನೆಯ ಶತಮಾನದ ಶರಣರು ಪಂಚಸೂತಕಗಳನ್ನು ನಿರಾಕರಿಸಿದಾಗ ರಜಸ್ಸೂತಕವನ್ನೂ ಸೇರಿಸಿಯೇ ನಿರಾಕರಿಸಿದರು. ಎಂಟು ಶತಮಾನ ಕಳೆದರೂ, 2023ರ ಜುಲೈಯಲ್ಲಿ, ತುಮಕೂರು ತಾಲ್ಲೂಕಿನ ಗೊಲ್ಲರಹಟ್ಟಿಯೊಂದರಲ್ಲಿ ಸೂತಕದ ಹೆಸರಲ್ಲಿ ಊರ ಹೊರಗಿನ ಗುಡಿಸಲಿಗೆ ಕಳುಹಿಸಿದ್ದ ಬಾಣಂತಿಯ ಎಳೆಗೂಸು ತೀರಿಕೊಂಡಿತು. ಮಳೆಗಾಲ, ಶೀತ. ಇದಕ್ಕೆ ಹೆಚ್ಚು ವಿವರಣೆ ಬೇಡ.

ಕನ್ನಡದಲ್ಲಿ ಈ ಮೌನ ಮುರಿದವರಲ್ಲಿ ಒಬ್ಬರ ಹೆಸರನ್ನಾದರೂ ಈ ಸಭೆಯಲ್ಲಿ ಹೇಳಲೇಬೇಕು: ಡಾ. ಅನುಪಮಾ ನಿರಂಜನ. ತೀರ್ಥಹಳ್ಳಿಯಲ್ಲಿ 1934ರಲ್ಲಿ ಹುಟ್ಟಿ, ಮೈಸೂರಿನಲ್ಲಿ ವೈದ್ಯಕೀಯ ಓದಿ, ವೈದ್ಯವೃತ್ತಿಯ ಜೊತೆಗೆ ಕತೆ ಕಾದಂಬರಿ ಬರೆದವರು. 1991ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ಅವರ 'ಕೇಳು ಕಿಶೋರಿ', 'ವಧುವಿಗೆ ಕಿವಿಮಾತು', 'ದಾಂಪತ್ಯ ದೀಪಿಕೆ', 'ತಾಯಿ ಮಗು' ಪುಸ್ತಕಗಳನ್ನು ಇಲ್ಲಿರುವ ತಾಯಂದಿರಲ್ಲಿ ಹಲವರು ಸೆರಗಿನ ಮರೆಯಲ್ಲಾದರೂ ಓದಿರಬೇಕು. ಮದುವೆಗೆ ಉಡುಗೊರೆಯಾಗಿ ಇಂಥ ಪುಸ್ತಕ ಕೊಡುವ ಒಳ್ಳೆಯ ಪದ್ಧತಿಯೂ ಇತ್ತು. ಶೀರ್ಷಿಕೆಗಳನ್ನು ಗಮನಿಸಿ. ಕೇಳು ಎಂದು ಕರೆಯುತ್ತಾರೆ. ಅಡುಗೆಮನೆಯ ಕಟ್ಟೆಯ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡು ಅಕ್ಕ ಮಾತಾಡಿದ ಹಾಗೆ. ರೇಗುವುದಿಲ್ಲ, ಹೆದರಿಸುವುದಿಲ್ಲ. ವೈದ್ಯಕೀಯವನ್ನು ಮನೆಮಾತಿನ ಕನ್ನಡದಲ್ಲಿ ಹೇಳಲು ಸಾಧ್ಯ ಎಂದು ತೋರಿಸಿದ ಕೆಲಸ ಅದು. ಅದನ್ನು ಸಾಹಿತ್ಯ ಚರಿತ್ರೆಯಲ್ಲಿ ಒಂದು ಸಾಲಿನಲ್ಲಿ ಮುಗಿಸುವುದು ಅನ್ಯಾಯವೆಂದು ನನ್ನ ಭಾವನೆ.

ಆದರೆ ಕಿಶೋರನ ಕತೆ ಏನು? ಅವನನ್ನು ಹೀಗೆ ಕರೆದು ಕೂರಿಸಿಕೊಂಡ ಪುಸ್ತಕ ಅಷ್ಟು ಮನೆಗಳನ್ನು ಮುಟ್ಟಲಿಲ್ಲ. ನಮ್ಮ ಊರುಗಳಲ್ಲಿ ಗಂಡುಹುಡುಗರ ದೇಹದ ಬಗ್ಗೆ ಬಹಿರಂಗವಾಗಿ ಮಾತಾಡುವವರು ಯಾರು ಗೊತ್ತೆ? ಬಸ್ ನಿಲ್ದಾಣದ ಮೂತ್ರಾಲಯದ ಗೋಡೆಗೆ 'ಗುಪ್ತರೋಗ, ನರದೌರ್ಬಲ್ಯ, ನಿರಾಶರಾಗಬೇಡಿ' ಎಂದು ಚೀಟಿ ಅಂಟಿಸಿ, ತಿಂಗಳಿಗೊಮ್ಮೆ ಲಾಡ್ಜಿನಲ್ಲಿ ಕೋಣೆ ಹಿಡಿಯುವ ಮಹಾನುಭಾವರು! ರಾತ್ರಿ ನಿದ್ದೆಯಲ್ಲಿ ವೀರ್ಯ ಹೋಗುವುದು 13, 14ರ ವಯಸ್ಸಿನ ಹುಡುಗನಲ್ಲಿ ಮೀಸೆ ಚಿಗುರಿದಷ್ಟೇ ಸಹಜ. ಹಸ್ತಮೈಥುನದಿಂದ ನರ ಬತ್ತುವುದಿಲ್ಲ, ಕಣ್ಣು ಮಂಜಾಗುವುದಿಲ್ಲ, ಮುಂದೆ ಮಕ್ಕಳಾಗದೆ ಹೋಗುವುದಿಲ್ಲ. ಒಂದು ಹನಿ ವೀರ್ಯಕ್ಕೆ ನಲವತ್ತು ಹನಿ ರಕ್ತ ಎಂಬ ಲೆಕ್ಕಕ್ಕೆ ಯಾವ ಆಧಾರವೂ ಇಲ್ಲ. ವೀರ್ಯ ರಕ್ತದಿಂದ ಭಟ್ಟಿ ಇಳಿಸಿದ್ದಲ್ಲ, ಅದು ದೇಹ ನಿತ್ಯ ತಯಾರಿಸುವ ದ್ರವ. ಆದರೆ ಈ ಭಯ ಮಾತ್ರ ನಿಜ. ನಿದ್ದೆ ಹೋಗುತ್ತದೆ, ಸುಸ್ತು ಆವರಿಸುತ್ತದೆ, ಓದು ಹತ್ತುವುದಿಲ್ಲ. ಮನೋವೈದ್ಯ ಎನ್.ಎನ್. ವಿಗ್ 1960ರಲ್ಲಿ ಇದಕ್ಕೆ 'ಧಾತ್ ಸಿಂಡ್ರೋಮ್' ಎಂದು ಹೆಸರಿಟ್ಟರು. ನಮ್ಮ ಧಾತುವೇ ಅಲ್ಲಿ ಧಾತ್ ಆಗಿರುವುದು. ಐದು ನಿಮಿಷದ ಒಂದು ಮಾತಿನಿಂದ ಹೋಗುವ ಭಯಕ್ಕೆ ಹುಡುಗರು ಸಾವಿರಾರು ರೂಪಾಯಿಯ ಲೇಹ್ಯ ಕೊಳ್ಳುತ್ತಾರೆ. ತಂದೆಯರೇ, ಆ ಐದು ನಿಮಿಷ ನಿಮ್ಮದು.

ಶಾಲೆಯಲ್ಲಿ ಹೇಳುತ್ತಾರಲ್ಲ ಎನ್ನಬಹುದು. ಹತ್ತನೆಯ ತರಗತಿಯ ವಿಜ್ಞಾನದಲ್ಲಿ ಸಂತಾನೋತ್ಪತ್ತಿಯ ಪಾಠವಿದೆ. ಹೂವಿನ ಪರಾಗಸ್ಪರ್ಶದವರೆಗೆ ಮೇಷ್ಟರು ಚೆನ್ನಾಗಿಯೇ ಬರುತ್ತಾರೆ. ಅಲ್ಲಿಂದ ಮುಂದೆ 'ಉಳಿದದ್ದು ಮನೆಯಲ್ಲಿ ಓದಿಕೊಳ್ಳಿ' ಎನ್ನುವುದು ಅನೇಕ ಶಾಲೆಗಳ ಅನುಭವ. ಮನೆಯಲ್ಲಿ 'ಅದೆಲ್ಲ ಶಾಲೆಯಲ್ಲಿ ಹೇಳಿಕೊಡುತ್ತಾರೆ' ಎನ್ನುತ್ತಾರೆ. ಏಡ್ಸ್ ಭೀತಿಯ ಹಿನ್ನೆಲೆಯಲ್ಲಿ ಕೇಂದ್ರ ಸರಕಾರ ಶಾಲೆಗಳಿಗೆ ಹದಿಹರೆಯದ ಶಿಕ್ಷಣ ಕಾರ್ಯಕ್ರಮ ತಂದಾಗ, 2007ರಲ್ಲಿ, ಚಿತ್ರಗಳು ಅಶ್ಲೀಲವಾಗಿವೆ, ಸಂಸ್ಕೃತಿಗೆ ಒಗ್ಗುವುದಿಲ್ಲ ಎಂಬ ಕೂಗೆದ್ದು ಕರ್ನಾಟಕವೂ ಸೇರಿ ಹಲವು ರಾಜ್ಯಗಳು ಅದನ್ನು ತಡೆದವು. ಚಿತ್ರ ಸರಿಯಿಲ್ಲದಿದ್ದರೆ ಚಿತ್ರ ಬದಲಿಸಬಹುದಿತ್ತು. ಇಂದು ಪ್ರತಿ ಹುಡುಗನ ಜೇಬಿನಲ್ಲಿ ಮೊಬೈಲಿದೆ. ನಾವು ಬಿಟ್ಟ ಜಾಗವನ್ನು ಅದು ಯಾವ ಚಿತ್ರಗಳಿಂದ ತುಂಬುತ್ತಿದೆ ಎಂಬುದನ್ನು ನಾನು ಬಿಡಿಸಿ ಹೇಳಬೇಕಿಲ್ಲ.

ಎಳೆಯ ತಾಯ್ತಂದೆಯರ ವಿಷಯಕ್ಕೆ ಬರುತ್ತೇನೆ. ಮೂರನೆಯ ಸಾಲಿನಲ್ಲಿ ಕೂಸನ್ನು ಮಡಿಲಲ್ಲಿಟ್ಟುಕೊಂಡು ಕೂತ ಇಬ್ಬರು ಮೂವರು ಕಾಣುತ್ತಿದ್ದಾರೆ. ಬಾಣಂತನದ ಬಗ್ಗೆ ನಮ್ಮಲ್ಲಿ ಮಾತಿಗೇನೂ ಕೊರತೆಯಿಲ್ಲ. ಎಣ್ಣೆನೀರು, ಬಿಸಿನೀರು, ಖಾರ, ಸಾಂಬ್ರಾಣಿ ಎಂದು ಹತ್ತು ಜನ ಹತ್ತು ಹೇಳುತ್ತಾರೆ. ಯಾರೂ ಹೇಳದ್ದು ಒಂದಿದೆ: ಹೆರಿಗೆಯ ಅನಂತರ ಮುಟ್ಟು ಮರಳುವ ಮೊದಲೇ ಅಂಡಾಣು ಬಿಡುಗಡೆಯಾಗಬಹುದು. ಅಂದರೆ ಒಮ್ಮೆಯೂ ಮುಟ್ಟಾಗದೆ ಮತ್ತೆ ಬಸುರಾಗಬಹುದು. 'ಹಾಲು ಕುಡಿಸುವ ತನಕ ಏನೂ ಆಗುವುದಿಲ್ಲ' ಎಂಬ ಅಜ್ಜಿಯ ಮಾತು ಪೂರ್ತಿ ಸುಳ್ಳಲ್ಲ. ಅದಕ್ಕೆ ಮೂರು ಷರತ್ತುಗಳುಂಟು. ಕೂಸಿಗೆ ಆರು ತಿಂಗಳು ತುಂಬಿರಬಾರದು, ಹಗಲಿರುಳು ಎದೆಹಾಲೊಂದನ್ನೇ ಕೊಡುತ್ತಿರಬೇಕು, ಮುಟ್ಟು ಮರಳಿರಬಾರದು. ಈ ಮೂರರಲ್ಲಿ ಒಂದು ತಪ್ಪಿದರೂ ರಕ್ಷಣೆ ತಪ್ಪಿತು. ಒಂದು ಹೆರಿಗೆಯಾದ ಮೇಲೆ ಮುಂದಿನ ಗರ್ಭಕ್ಕೆ ಕಡಿಮೆಯೆಂದರೂ ಎರಡು ವರ್ಷ ಬಿಡುವು ಬೇಕು. ತಾಯಿಯ ರಕ್ತ ಕೂಡಿಕೊಳ್ಳುವುದಕ್ಕೆ, ಮೊದಲ ಕೂಸಿಗೆ ಹಾಲು ಸಿಗುವುದಕ್ಕೆ.

ಈ ಬಿಡುವಿಗೆ ಸರಕಾರಿ ಆಸ್ಪತ್ರೆಯಲ್ಲಿ ಹಣವಿಲ್ಲದೆ ಸಿಗುವುದು ಬಹಳ. ಹೆರಿಗೆಯಾದ 48 ಗಂಟೆಯೊಳಗೇ ಹಾಕಬಹುದಾದ ವಂಕಿ, ಮೂರು ತಿಂಗಳಿಗೊಮ್ಮೆ 'ಅಂತರಾ' ಚುಚ್ಚುಮದ್ದು, ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ಕಂಡುಹಿಡಿದ, ಹಾರ್ಮೋನು ಇಲ್ಲದ 'ಛಾಯಾ' ಗುಳಿಗೆ, ನಿರೋಧ್. ಇವುಗಳಲ್ಲಿ ರೋಗಗಳಿಂದಲೂ ಕಾಪಾಡುವುದು ನಿರೋಧ್ ಒಂದೇ. ಯಾವುದು ಯಾರಿಗೆ ಒಗ್ಗುತ್ತದೆ ಎಂಬುದನ್ನು ಡಾಕ್ಟರು ಹೇಳಬೇಕು. ತುರ್ತು ಗುಳಿಗೆಯ ಬಗ್ಗೆ ಮಾತ್ರ ಒಂದು ಮಾತು: ಅದನ್ನು 72 ಗಂಟೆಯೊಳಗೆ, ಬೇಗ ಆದಷ್ಟೂ ಒಳ್ಳೆಯದು, ತೆಗೆದುಕೊಳ್ಳಬೇಕು, ಅದು ಗರ್ಭಪಾತದ ಗುಳಿಗೆಯಲ್ಲ, ತಿಂಗಳು ತಿಂಗಳೂ ನುಂಗುವ ಗುಳಿಗೆಯೂ ಅಲ್ಲ.

ಆದರೆ ನಡೆಯುತ್ತಿರುವುದೇನು? 2019ರಿಂದ 2021ರ ನಡುವೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. ಗಂಡಸರ ಶಸ್ತ್ರಚಿಕಿತ್ಸೆ ನೂರಕ್ಕೆ ಒಂದೂ ಇಲ್ಲ. ಎರಡರಲ್ಲಿ ಸುಲಭದ್ದು, ಹೊಟ್ಟೆ ಕೊಯ್ಯದೆ, ಕತ್ತರಿಯಿಲ್ಲದೆ ಕೆಲವೇ ನಿಮಿಷದಲ್ಲಿ ಮುಗಿಯುವುದು ಗಂಡಸರದು. ರಾಮನಗರದ ಮಣಿಸರ ಇನ್ನೂ ಹೆಂಡತಿಯ ಕೊರಳಲ್ಲೇ ಇದೆ.

ಇದೇ ಸಮೀಕ್ಷೆಯ ಇನ್ನೊಂದು ಅಂಕಿ ಹೆಚ್ಚು ಕಳವಳದ್ದು. 20ರಿಂದ 24 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 21 ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ಈ ಕಾಲೇಜಿನ ಒಂದು ತರಗತಿಯ ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ ಐದನೆಯವಳನ್ನೆಲ್ಲ ಮುಂದೆ ಕರೆದಂತೆ. ಹದಿನಾರರ ತಾಯಿಗೆ ರಕ್ತಹೀನತೆ, ರಕ್ತದೊತ್ತಡ, ಕಷ್ಟದ ಹೆರಿಗೆ, ಕೂಸಿಗೆ ತೂಕ ಕಡಿಮೆ. ಕರ್ನಾಟಕ 2016ರಲ್ಲಿ ಮಾಡಿದ ತಿದ್ದುಪಡಿಯ ಪ್ರಕಾರ ಬಾಲ್ಯವಿವಾಹ ಆರಂಭದಿಂದಲೇ ಅಸಿಂಧು. ಪೋಕ್ಸೊ ಕಾಯಿದೆ 2012ರದು. 18ರ ಒಳಗಿನವರ ಒಪ್ಪಿಗೆಗೆ ಅದರಲ್ಲಿ ಬೆಲೆಯಿಲ್ಲ. ಮಕ್ಕಳ ರಕ್ಷಣೆಗೆ ಈ ಕಾನೂನುಗಳು ಬೇಕು, ನಿಜ. ಆದರೆ ಅದರ ನೆರಳಲ್ಲಿ ಹೊಸದೊಂದು ಭಯ ಹುಟ್ಟಿದೆ. ಆಸ್ಪತ್ರೆಗೆ ಹೋದರೆ ಪೊಲೀಸರು ಬರುತ್ತಾರೆಂದು ಹೆದರಿ ಹುಡುಗಿಯನ್ನು ಮನೆಯಲ್ಲೇ ಇಟ್ಟುಕೊಳ್ಳುವುದು, ಅಂಗಡಿಯ ಗುಳಿಗೆ ನುಂಗಿಸುವುದು, ರಕ್ತಸ್ರಾವ ನಿಲ್ಲದಾದಾಗ ರಾತ್ರೋರಾತ್ರಿ ಹೊತ್ತುಕೊಂಡು ಓಡುವುದು.

ಈ ಭಯಕ್ಕೆ ಉತ್ತರ ಕಾನೂನಿನಲ್ಲೇ ಇದೆ. ವೈದ್ಯಕೀಯ ಗರ್ಭಪಾತದ ಕಾಯಿದೆ 1971ರದು, 2021ರಲ್ಲಿ ತಿದ್ದುಪಡಿಯಾಯಿತು. ಕಾಯಿದೆ ಹೇಳುವ ಕಾರಣಗಳಿದ್ದರೆ 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. ಅಪ್ರಾಪ್ತೆ, ಅತ್ಯಾಚಾರಕ್ಕೊಳಗಾದವಳು ಮುಂತಾದವರಿಗೆ ಇಬ್ಬರು ವೈದ್ಯರ ಅಭಿಪ್ರಾಯದಿಂದ 24 ವಾರದವರೆಗೆ ಅವಕಾಶ. 18 ತುಂಬದವಳಿಗೆ ಪಾಲಕರ ಒಪ್ಪಿಗೆ ಬೇಕು. ತುಂಬಿದವಳಿಗೆ ಅವಳ ಒಪ್ಪಿಗೆಯೊಂದೇ ಸಾಕು. ಗಂಡನ ಸಹಿ ಬೇಕೆಂದು ಕಾಯಿದೆ ಎಲ್ಲೂ ಹೇಳುವುದಿಲ್ಲ. 2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟು ಇನ್ನೂ ಒಂದು ಮಾತು ಹೇಳಿತು. ಅಪ್ರಾಪ್ತೆ ಮತ್ತು ಅವಳ ಪಾಲಕರು ಕೋರಿದರೆ, ವೈದ್ಯರು ಪೊಲೀಸರಿಗೆ ಕೊಡುವ ವರದಿಯಲ್ಲಿ ಅವಳ ಹೆಸರು ವಿವರ ಬಹಿರಂಗಪಡಿಸಬೇಕಿಲ್ಲ. ಇದು ಗೊತ್ತಿರುವ ಪಾಲಕರು ಎಷ್ಟು ಜನ? ಹುಡುಗಿ ಇಷ್ಟವಿಲ್ಲದೆ ಹಿಂಸೆಗೊಳಗಾಗಿದ್ದರೆ ಅಥವಾ ಮದುವೆಗೆ ಬಲವಂತ ನಡೆದಿದ್ದರೆ 1098ಕ್ಕೆ ಯಾರು ಬೇಕಾದರೂ ಫೋನ್ ಮಾಡಬಹುದು. ಅವಳೇ ಮಾಡಬಹುದು.

ಇನ್ನು ನೀವು ಹೇಗೂ ಕೇಳುವ ಪ್ರಶ್ನೆ: ಮಕ್ಕಳಿಗೆ ಯಾವ ವಯಸ್ಸಿಗೆ ಹೇಳಬೇಕು? ಮೊದಲ ಮುಟ್ಟು ಸಾಮಾನ್ಯವಾಗಿ 10ರಿಂದ 15ರ ನಡುವೆ ಬರುತ್ತದೆ. ಆದ್ದರಿಂದ ಹುಡುಗಿಗೆ ಒಂಬತ್ತರಲ್ಲೇ ಹೇಳಿ. 15 ತುಂಬಿದರೂ ಬರದಿದ್ದರೆ, ಅಥವಾ ಒಂದು ಎರಡು ಗಂಟೆಗೇ ಬಟ್ಟೆ ನೆನೆಯುವಷ್ಟು ಸ್ರಾವವಾದರೆ, ನೋವಿನಿಂದ ಕಾಲೇಜು ತಪ್ಪುವಂತಾದರೆ ಡಾಕ್ಟರಿಗೆ ತೋರಿಸಿ. 'ಮದುವೆಯಾದರೆ ಸರಿಹೋಗುತ್ತದೆ' ಎಂದು ಮುಂದೂಡಬೇಡಿ. ಹುಡುಗನಿಗೆ ಹತ್ತು ಹನ್ನೊಂದಕ್ಕೆ ಹೇಳಿ. ಅವನ ದೇಹದ ಬಗ್ಗೆಯಷ್ಟೇ ಅಲ್ಲ, ಅಕ್ಕನ ಹೊಟ್ಟೆನೋವು ಏಕೆಂಬುದನ್ನೂ ಹೇಳಿ. ಒಂದೇ ದಿನ ಕೂರಿಸಿಕೊಂಡು ಎಲ್ಲವನ್ನೂ ಉಪನ್ಯಾಸ ಮಾಡಿ ಮುಗಿಸುವ ವಿಷಯ ಇದಲ್ಲ. ಟಿವಿಯಲ್ಲಿ ಸ್ಯಾನಿಟರಿ ಪ್ಯಾಡಿನ ಜಾಹೀರಾತು ಬಂದಾಗ ಚಾನೆಲ್ ಬದಲಿಸದೆ ಇದ್ದರೆ ಮಾತು ತಾನಾಗಿ ಬರುತ್ತದೆ. ನಿಮಗೇ ಸಂಕೋಚವಾದರೆ ಸರಕಾರಿ ಆಸ್ಪತ್ರೆಯಲ್ಲಿ ಹದಿಹರೆಯದವರಿಗೆಂದೇ ಇರುವ ಸ್ನೇಹ ಕ್ಲಿನಿಕ್ ಇದೆ. ಅಲ್ಲಿ ಆಪ್ತಸಮಾಲೋಚನೆಗೆ ಹಣ ಕೊಡಬೇಕಿಲ್ಲ.

ಡಾಕ್ಟರಮ್ಮನವರು ಇನ್ನು ಒಂದು ಗಂಟೆ ಇಲ್ಲೇ ಇರುತ್ತಾರೆ. ಮುಂದಿನ ಬೆಂಚಿನಿಂದ ಖಾಲಿ ಚೀಟಿಗಳು ಹಿಂದಕ್ಕೆ ಬರುತ್ತಿವೆ. ಪ್ರಶ್ನೆ ಬರೆಯಿರಿ, ಹೆಸರು ಬರೆಯಬೇಡಿ. ಎಲ್ಲರೂ ಒಂದೊಂದು ಚೀಟಿ ಮಡಿಸಿ ಡಬ್ಬಿಗೆ ಹಾಕಿ. ಕೇಳುವುದೇನೂ ಇಲ್ಲದವರು ಖಾಲಿ ಚೀಟಿಯನ್ನೇ ಹಾಕಿ, ಆಗ ಬರೆದವರು ಯಾರೆಂದು ಪಕ್ಕದವರಿಗೂ ತಿಳಿಯುವುದಿಲ್ಲ.